ಗುಲಾಬಿ ಬೀಜದಿಂದ ಏಳಲ್ಲವಂತೆ

ನವೆಂಬರ್ 9

ಕಿತ್ತೇಬಿಟ್ಟಳು.

ಹೊಲಿದ ಸಮವಸ್ತ್ರಗಳ ಗಂಟನ್ನು ಶಾಲೆಗೆ ಕೊಟ್ಟು ಬರುವಷ್ಟರಲ್ಲಿ ಗೇಟಿನ ಪಕ್ಕ ಗುಲಾಬಿ ಗಿಡ ಇದ್ದ ಕಡೆ ಒಂದು ಗುಂಡಿ. ಗಿಡ ಬೀದಿಯ ಕೊನೆಯ ಕಸದ ಗುಡ್ಡೆಯ ಮೇಲೆ ಬಿದ್ದಿದೆ, ಬೇರು ಮೇಲಾಗಿ. ಅತ್ತೆ ಕೈಯಾರೆ ನೆಟ್ಟು ಬೆಳೆಸಿದ ಗಿಡ. ಅವರು ಹೋಗಿ ಇನ್ನೂ ಮೂರು ತಿಂಗಳು ತುಂಬಿಲ್ಲ.

ಇವತ್ತಿನಿಂದ ಅವಳನ್ನು ಮುಂದಿನ ಮನೆಯವಳು ಅಂತಲೇ ಬರೆಯುತ್ತೇನೆ. ಭಾವನ ಹೆಂಡತಿ, ನನ್ನ ವಾರಗಿತ್ತಿ, ಇಪ್ಪತ್ತು ವರ್ಷ ನನ್ನ ಜೊತೆ ಒಂದೇ ಒಲೆಯಲ್ಲಿ ಬೇಯಿಸಿದವಳು, ಎಲ್ಲ ಹೌದು. ಆದರೆ ಅತ್ತೆ ಹೋದ ಮೇಲೆ ಮಾತಿಗೆ ಮಾತು ಬೆಳೆದು ಮನೆ ಎರಡಾಯಿತು. ಬೀದಿ ಕಡೆಯ ಅರ್ಧ, ಅಂಗಳ, ಫ್ರಿಜ್ಜು ಅವರಿಗೆ. ಹಿತ್ತಲು, ನೀರಿನ ತೊಟ್ಟಿ, ನನ್ನ ಹೊಲಿಗೆ ಮಷೀನಿನ ಕೋಣೆ ನಮಗೆ. ಗೇಟು ಮಾತ್ರ ಇಬ್ಬರಿಗೂ ಒಂದೇ. ನಡುವಿನ ಬಾಗಿಲಿಗೆ ಮೊಳೆ ಹೊಡೆದವರು ಅಣ್ಣ ತಮ್ಮ ಇಬ್ಬರೂ ಸೇರಿ, ಒಬ್ಬರು ಹಲಗೆ ಹಿಡಿದು, ಇನ್ನೊಬ್ಬರು ಸುತ್ತಿಗೆ ಹಿಡಿದು, ನಡುವೆ ಚಹಾ ಕುಡಿದು. ಅವರಿಗೇನು, ಸೈಕಲ್ ಅಂಗಡಿ ಇಬ್ಬರದೂ ಒಂದೇ. ಮನೆ ಒಡೆದದ್ದು ನನಗೂ ಅವಳಿಗೂ.

ಹೋಗಿ ಕೇಳಿದೆ.

"ಸಿಮೆಂಟ್ ಹಾಕಿಸ್ತಿದೀವಿ. ಗಿಡ ದಾರಿಗೆ ಅಡ್ಡ ಇತ್ತು," ಅಂದಳು. ನನ್ನ ಮುಖ ಸಹ ನೋಡಲಿಲ್ಲ. ಬಾಗಿಲು ಹಾಕಿಕೊಂಡಳು.

"ಒಂದು ಮಾತು ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?" ಅಂತ ಬಾಗಿಲಿಗೆ ಹೇಳಿ ಬಂದೆ. ಬಾಗಿಲು ಅವಳಿಗಿಂತ ಮೇಲು, ಎದುರು ನಿಂತು ಕೇಳಿಸಿಕೊಂಡಿತು.

ಆಮೇಲೆ ಕಸದ ಗುಡ್ಡೆಗೆ ಹೋಗಿ, ನೋಡುವವರು ನೋಡಲಿ ಅಂತ, ಸೊಂಟ ಬಗ್ಗಿಸಿ ಕಡ್ಡಿಗಳನ್ನೆಲ್ಲ ಕತ್ತರಿಸಿ ತಂದೆ. ಹಿತ್ತಲಲ್ಲಿ ನೆಟ್ಟಿದ್ದೇನೆ. ಕೊಂಬೆಯಲ್ಲಿ ಕಾಯಿಗಳೂ ಇದ್ದವು, ಕಿತ್ತಳೆ ಬಣ್ಣದವು, ಗೋಲಿಯಷ್ಟು. ಇಷ್ಟು ವರ್ಷದಲ್ಲಿ ಆ ಗಿಡದಲ್ಲಿ ನಾನು ಕಾಯಿ ನೋಡಿದ್ದೇ ಇಲ್ಲ. ಹೂವು ಬಾಡುವುದೇ ತಡ, ಅತ್ತೆ ನನ್ನ ಕತ್ತರಿ ಎತ್ತಿಕೊಂಡು ಹೋಗಿ ಕತ್ತರಿಸಿಬಿಡುತ್ತಿದ್ದರು. ಅವರು ಹಾಸಿಗೆ ಹಿಡಿದ ಮೇಲೆ ಕತ್ತರಿಸುವವರಿರಲಿಲ್ಲ. ನಾವೆಲ್ಲ ಒಳಗೆ ಹಾಸಿಗೆಯ ಸುತ್ತ ಇದ್ದೆವು. ಅಷ್ಟರಲ್ಲಿ ಹೊರಗೆ ಅದು ಕಾಯಿ ಕಟ್ಟಿಕೊಂಡಿದೆ.

ನವೆಂಬರ್ 24

ಕಡ್ಡಿಗಳೆಲ್ಲ ಕಪ್ಪಾದವು. ಒಂದೂ ಉಳಿಯಲಿಲ್ಲ. ಇನ್ನಿರುವುದು ಕಾಯಿ ಮಾತ್ರ.

ಕಾಯಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನರ್ಸರಿಯವನ ಹತ್ತಿರ ಹೋದೆ. ಅವನು ಪಕ್ಕದವನನ್ನು ಕರೆದು ತೋರಿಸಿ ನಕ್ಕ.

"ಗುಲಾಬಿನ ಬೀಜದಿಂದ ಯಾರಮ್ಮ ಬೆಳೆಸ್ತಾರೆ? ಏಳಲ್ಲ ಅದು. ಹೊಸ ಗಿಡ ತಗೊಂಡು ಹೋಗಿ. ಕೆಂಪು ಬೇಕಾ, ಹಳದಿ ಬೇಕಾ?"

"ನನಗೆ ಇದೇ ಬೇಕು."

"ಇದೇ ಅಂದ್ರೆ ಹೆಂಗಮ್ಮ? ಬೀಜಕ್ಕೆ ಮೊದಲು ಚಳಿ ತಾಗಬೇಕು. ಒದ್ದೆ ಬಟ್ಟೇಲಿ ಸುತ್ತಿ ಎರಡು ತಿಂಗಳು ಫ್ರಿಜ್ಜಲ್ಲಿ ಇಡಬೇಕು. ಅಷ್ಟು ಮಾಡಿದ್ರೂ ಏಳೋದು ನಾಕೋ ಐದೋ. ಎದ್ದಿದ್ದೂ ತಾಯಿ ಥರ ಹೂ ಬಿಡಲ್ಲ. ಒಂದೊಂದು ಒಂದೊಂದು ಥರ."

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಸುಮ್ಮನೆ ಹೇಳಿದ್ದಾರಾ? ಬಟ್ಟೆಯ ಜೊತೆ ಬದುಕುವವಳು ನಾನು, ನೂಲಿನ ವಿಷಯ ನನಗೆ ಹೇಳಿಕೊಡಬೇಡ ಅಂದೆ. ಅದೇ ಗಾಢ ಕೆಂಪು, ಅದೇ ವಾಸನೆ. ಬರಿಸಿ ತೋರಿಸುತ್ತೇನೆ. ಮೊದಲ ಹೂವನ್ನು ಮುಂದಿನ ಮನೆಯವಳ ಮೂಗಿನ ಕೆಳಗೆ ಹಿಡಿಯುತ್ತೇನೆ. ಮಾತೇ ಆಡುವುದಿಲ್ಲ, ಹಿಡಿಯುತ್ತೇನೆ ಅಷ್ಟೇ.

ಆದರೆ ಫ್ರಿಜ್ಜು?

ನವೆಂಬರ್ 26

ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಕಾಯಿ ಸೀಳಿದೆ. ಒಳಗೆ ಬೀಜದ ಸುತ್ತ ಸಣ್ಣ ರೋಮ, ಕೈಯೆಲ್ಲ ನವೆ. ಬೀಜ ನೀರಿಗೆ ಹಾಕಿದರೆ ಕೆಲವು ಮುಳುಗಿದವು, ಕೆಲವು ತೇಲಿದವು. ತೇಲಿದ್ದು ಜೊಳ್ಳು, ಎಸೆಯಬೇಕು ಅಂತ ನರ್ಸರಿಯವನು ಹೇಳಿದ್ದ. ಎಸೆಯಲಿಲ್ಲ. ಜೊಳ್ಳೋ ಗಟ್ಟಿಯೋ ಅವೇ ಹೇಳಲಿ. ಎಲ್ಲ ಸೇರಿಸಿ ಅಸ್ತರಿನ ಚೂರಿನಲ್ಲಿ ಸುತ್ತಿ, ಒದ್ದೆ ಮಾಡಿ, ಚಿಕ್ಕ ಡಬ್ಬಿಗೆ ಹಾಕಿದೆ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅವಳ ಫ್ರಿಜ್ಜಿನ ಬಾಗಿಲು ನಾನಂತೂ ತೆಗೆಯಲಾರೆ. "ಒಂದು ಮಾತು ಅತ್ತಿಗೇನ ಕೇಳಿದ್ರೆ ಆಯ್ತಲ್ಲ," ಅಂದರು ಇವರು. ಕೇಳಲ್ಲ ಅಂದೆ. "ನೀನು ಹಿಡಿದ ಮೊಲಕ್ಕೆ ಮೂರೇ ಕಾಲು," ಅಂತ ಗೊಣಗಿ ಡಬ್ಬಿಯನ್ನು ಅಂಗಡಿಗೆ ಒಯ್ದರು. ಸಂಜೆ ಭಾವ ಅದನ್ನು ಊಟದ ಕ್ಯಾರಿಯರಿನ ತಳದಲ್ಲಿಟ್ಟು ಮನೆಯೊಳಗೆ ಸೇರಿಸಿದರಂತೆ. ತಮ್ಮ ಮನೆಗೆ ತಾವೇ ಕಳ್ಳತನದಿಂದ ಹೊಕ್ಕ ಮನುಷ್ಯ. ಪಾಪ.

ಡಿಸೆಂಬರ್ 12

ಅಂಗಳಕ್ಕೆ ಸಿಮೆಂಟ್ ಹಾಕಿಸಿದಳು. ಗುಂಡಿ ಇದ್ದ ಜಾಗ ಯಾವುದೆಂದೇ ಈಗ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗುತ್ತದೆ.

ಡಿಸೆಂಬರ್ 20

ಸಿಕ್ಕಿಬಿತ್ತು!

ಫ್ರಿಜ್ಜು ತೊಳೆಯುವಾಗ ಹಿಂದೆ ಡಬ್ಬಿ ಸಿಕ್ಕಿದೆ. ಒಳಗೆ ಒದ್ದೆ ಬಟ್ಟೆ, ಗಂಟು, ಗಂಟಿನೊಳಗೆ ಬೀಜ, ಬೀಜದ ಮೇಲೆ ಬೂಷ್ಟು. ಮುಂದಿನ ಮನೆಯವಳು ಕಿರುಚಿದ್ದು ನನ್ನ ಮಷೀನಿನ ಸದ್ದನ್ನೂ ದಾಟಿ ಬಂತು. "ಅವಳು ನಮಗೆ ಮಾಟ ಮಾಡಿಸಿದಾಳೆ ಕಣ್ರೀ!" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಭಾವ ಕೇಳುವ ಮೊದಲೇ "ನಾನಲ್ಲ ಇಟ್ಟಿದ್ದು" ಅಂದುಬಿಟ್ಟರಂತೆ. ಆಮೇಲೆ ಪೂರ್ತಿ ಕಥೆ ಹೇಳಿದ್ದಾರೆ. ಇವರು ಇದನ್ನೆಲ್ಲ ನನಗೆ ವರದಿ ಒಪ್ಪಿಸುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ನಗು ಬರಲಿಲ್ಲ. ಗಿಡವನ್ನೇ ಎಸೆದವಳು, ಬೀಜ ಬಿಡುತ್ತಾಳಾ?

"ಹೋಗಿ ಕೇಳು, ಅತ್ತಿಗೆ ಕೊಡ್ತಾರೆ," ಅಂದರು.

ಕೇಳಲ್ಲ. ಹೋದರೆ ಹೋಗಲಿ. ಊಟ ಸೇರಲಿಲ್ಲ.

ಜನವರಿ 28

ಬೆಳಗ್ಗೆ ನೀರಿನ ತೊಟ್ಟಿಯ ಕಟ್ಟೆ ಮೇಲೆ ಡಬ್ಬಿ ಇತ್ತು.

ಎಸೆದಿಲ್ಲ. ನನ್ನ ಅಸ್ತರಿಗೆ ಬೂಷ್ಟು ಹಿಡಿದಿತ್ತಂತೆ. ಬೀಜ ತೊಳೆದು, ಬೇರೆ ಬಟ್ಟೆಯಲ್ಲಿ ಸುತ್ತಿ, ಆರಿದಾಗೆಲ್ಲ ನೀರು ಚಿಮುಕಿಸಿ ಇಟ್ಟಿದ್ದಳಂತೆ. ಭಾವ ಹೇಳಿದ್ದು. ಎರಡು ಬೀಜ ಬಾಯಿ ಬಿಟ್ಟು ಬಿಳಿ ಮೂತಿ ತೋರಿಸಿವೆ! ನಾನು ತೊಟ್ಟಿಯ ಹತ್ತಿರವೇ ಕೂತುಬಿಟ್ಟೆ. ಎಷ್ಟು ಖುಷಿಯಾಯಿತೆಂದರೆ ಶಾಲೆಯ ಅಂಗಿಗಳಿಗೆ ಗುಂಡಿ ಹಾಕುವುದನ್ನೇ ಮರೆತೆ.

ಬಟ್ಟೆ ಮಾತ್ರ ಹಳೆಯದು. ಬಿಡಿಸಿ ನೋಡಿದರೆ ಫ್ಲಾನಲ್, ನೀಲಿ ಚುಕ್ಕೆ. ಅಂಚಿನ ಹೊಲಿಗೆ ನನ್ನದೇ. ಅತ್ತೆ ಮಲಗಿದ ಮೇಲೆ ತೊಡಿಸಲು ಸುಲಭವಾಗಲಿ ಅಂತ ಬೆನ್ನಿಗೆ ಲಾಡಿ ಇಟ್ಟು ನಾನು ಹೊಲಿದ ಗೌನಿನ ತೋಳು ಅದು. ಅಲ್ಲಲ್ಲಿ ಸಣ್ಣ ಸಣ್ಣ ಹರಕು ಬೇರೆ. ನಾನು ಅಷ್ಟು ಮುತುವರ್ಜಿಯಿಂದ ಹೊಲಿದದ್ದನ್ನು ಒರೆಸುವ ಬಟ್ಟೆ ಮಾಡಿಕೊಂಡಿದ್ದಾಳೆ ಅಂತ ಕಾಣುತ್ತದೆ. ಭಾವನ ಹೆಂಡತಿಯ ಬುದ್ಧಿಯೇ ಅಷ್ಟು.

ಆ ಚೂರನ್ನು ಒಗೆದು, ಇಸ್ತ್ರಿ ಮಾಡಿ, ದಾರದ ಡಬ್ಬಿಯಲ್ಲಿ ಇಟ್ಟುಕೊಂಡೆ.

ಫೆಬ್ರವರಿ 17

ಎದ್ದಿತು. ಎದ್ದಿತು ಕಣಯ್ಯ ನರ್ಸರಿಯವನೇ!

ಮಣ್ಣಿನಿಂದ ಕುಣಿಕೆಯಂತೆ ಬಗ್ಗಿಕೊಂಡು ಬಂದು, ಸಂಜೆ ಹೊತ್ತಿಗೆ ನೆಟ್ಟಗೆ ನಿಂತು ಎರಡು ಎಲೆ ಬಿಚ್ಚಿತು. ಅದರ ಹಿಂದೆಯೇ ಇನ್ನೂ ಕೆಲವು. ತೇಲಿದ್ದು ಯಾವುದು, ಮುಳುಗಿದ್ದು ಯಾವುದು, ಇನ್ನು ಯಾರಿಗೆ ಗೊತ್ತು?

ನಮ್ಮ ಅರ್ಧ ಮನೆಗೆ ಬಿಸಿಲು ಬರುವುದು ಒಂದೇ ಕಿಟಕಿಯಿಂದ, ಮಷೀನಿನ ಮುಂದೆ. ಮಷೀನನ್ನು ಗೋಡೆ ಕಡೆ ತಳ್ಳಿ ಕುಂಡಗಳನ್ನು ಅಲ್ಲಿಟ್ಟೆ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ," ಅಂದರು ಇವರು. ಮಲ್ಲಿಗೆ ಅಲ್ಲ, ಗುಲಾಬಿ ಅಂದೆ. ಕತ್ತಲಲ್ಲಿ ಹೊಲಿದು ಒಂದು ಪ್ಯಾಂಟಿನ ಜೇಬನ್ನು ಒಳಮುಖ ಮಾಡಿಬಿಟ್ಟಿದ್ದೆ, ಬಿಚ್ಚಿ ಮತ್ತೆ ಹಾಕಿದೆ. ಹಾಕುತ್ತೇನೆ. ನನ್ನ ಕಣ್ಣು, ನನ್ನ ಜೇಬು.

ಮಾರ್ಚ್ 5

ಸಸಿಗಳೆಲ್ಲ ಬುಡ ಕೊಳೆತು ಮಲಗಿಬಿಟ್ಟವು. ನಿನ್ನೆ ಚೆನ್ನಾಗಿದ್ದದ್ದು ಇವತ್ತು ನೂಲಿನ ಹಾಗೆ ಬಿದ್ದಿದೆ. ಒಂದೇ ಒಂದು ಉಳಿದಿದೆ.

ಯಾರಿಗೂ ಹೇಳಿಲ್ಲ.

ಮಾರ್ಚ್ 21

ಇವತ್ತು ಆದದ್ದನ್ನು ಆದ ಹಾಗೇ ಬರೆಯಬೇಕು.

ಉಳಿದ ಆ ಒಂದು ಗಿಡ ಸಣಕಲಾಗಿ ಉದ್ದ ಬೆಳೆದು ಕಿಟಕಿಯ ಕಡೆ ವಾಲಿತ್ತು. ಬಿಸಿಲು ಸಾಲದು ಅಂತ ನನಗೂ ಗೊತ್ತು. ಬಿಸಿಲಿರುವುದು ಮುಂದಿನ ಅಂಗಳದಲ್ಲಿ, ಅವಳ ಸಿಮೆಂಟಿನ ಮೇಲೆ. ಅವಳ ಬಿಸಿಲು ನನಗೆ ಬೇಡ ಅಂತ ಇವರಿಗೆ ಹೇಳಿದ್ದೆ. ಮಧ್ಯಾಹ್ನ ಬಟ್ಟೆ ಒಣಹಾಕಿ ಬಂದು ನೋಡಿದರೆ ಕುಂಡ ಇಲ್ಲ.

ಗೇಟಿನ ದಾರಿ ಹಿಡಿದು ಓಡಿದೆ. ಅವರ ಜಗುಲಿ ಮೇಲೆ, ನಡು ಬಿಸಿಲಿನಲ್ಲಿ ನನ್ನ ಕುಂಡ. ಪಕ್ಕದಲ್ಲಿ ಅವಳು ಕುಕ್ಕರುಗಾಲಲ್ಲಿ ಕೂತು, ವಾಲಿದ ಗಿಡಕ್ಕೆ ಪೊರಕೆ ಕಡ್ಡಿ ಆಸರೆ ಕೊಡುತ್ತಿದ್ದಾಳೆ.

"ಕೈ ತೆಗೀರಿ! ಒಂದನ್ನ ಕೊಂದಿದ್ದು ಸಾಲ್ಲಿಲ್ವಾ?"

"ನಾನಲ್ಲ ಕೊಲ್ತಿರೋದು, ನೀನು. ಬಿಸಿಲಿಗೆ ಕತ್ತು ಚಾಚ್ಕೊಂಡು ನಿಂತಿದೆ. ಹಠಕ್ಕೆ ಬಿದ್ದು ಇದನ್ನೂ ಸಾಯಿಸ್ತೀಯ."

"ಸತ್ರೆ ನಿಮಗೇನು? ನಿಮಗೆ ದಾರಿಗೆ ಅಡ್ಡ ಅಲ್ವಾ ಗುಲಾಬಿ?"

"ಹೌದು, ಅಡ್ಡ!" ಅಂತ ಎದ್ದು ನಿಂತಳು. ಇಪ್ಪತ್ತು ವರ್ಷದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿಲ್ಲ. "ಅಡ್ಡ ಇತ್ತು. ಆಸ್ಪತ್ರೆಯವರು ಬಂದ ದಿನ ನೀನು ಶಾಲೆಗೆ ಹೋಗಿದ್ದೆ, ಇವರಿಬ್ಬರೂ ಅಂಗಡೀಲಿ. ನಾನೊಬ್ಬಳೇ. ಸ್ಟ್ರೆಚರ್ ಗೇಟಿನ ಹತ್ತಿರ ಹೋಗ್ತಾನೇ ಇಲ್ಲ. ಕೊಂಬೆ ಎಲ್ಲ ದಾರಿಗೆ ಚಾಚಿಕೊಂಡು, ಅತ್ತೆಯ ಗೌನಿನ ತೋಳು ಮುಳ್ಳಿಗೆ ಸಿಕ್ಕಿಹಾಕಿಕೊಂಡಿದೆ. ಅವರು ಉಸಿರಾಡೋಕೆ ಆಗದೆ ಇರೋ ಹೊತ್ತಲ್ಲಿ ಏನಂದ್ರು ಗೊತ್ತಾ? ನಿಧಾನ, ಗಿಡ ಮುರಿಯುತ್ತೆ ಅಂದ್ರು."

ಅವಳು ಗೇಟಿನ ಕಡೆ ಕೈ ತೋರಿಸಿದಳು.

"ನಾನು ಗಿಡ ಮುರೀದೆ, ಒಂದೊಂದೇ ಮುಳ್ಳು ಬಿಡಿಸ್ತಾ ಕೂತೆ. ಗಾಡಿ ಹೊರಗೆ ಕಾಯ್ತಾ ಇದೆ, ನಾನು ಮುಳ್ಳು ಬಿಡಿಸ್ತಾ ಇದೀನಿ! ಕಡಿದು ಬಿಸಾಕಿ ಹೋಗಬೇಕಿತ್ತು. ಸಂಜೆ ಅವರು ಹೋಗೇಬಿಟ್ರು. ದಿನಾ ಬಾಗಿಲು ತೆಗೆದ್ರೆ ಎದುರಿಗೆ ಅದೇ ಗಿಡ, ಅದೇ ಮುಳ್ಳು. ನೀನು ಒಂದು ಸಲ ನೋಡಿದ್ಯಾ ಅದನ್ನ? ನಿನಗೆ ಹೂವು. ನನಗೆ ಹೂವಲ್ಲ."

ಗೌನಿನ ತೋಳಿನ ಆ ಹರಕುಗಳು. ಒರೆಸುವ ಬಟ್ಟೆಯಲ್ಲ, ಮುಳ್ಳಿನ ಹರಕು. ಆಸ್ಪತ್ರೆಯಿಂದ ಚೀಲದಲ್ಲಿ ಕೊಟ್ಟ ಆ ಗೌನನ್ನು ಅವಳು ಇಟ್ಟುಕೊಂಡಿದ್ದಳು. ಅದರಲ್ಲೇ ಬೀಜ ಸುತ್ತಿದ್ದಳು.

ನನಗೆ ಏನಾದರೂ ಒಳ್ಳೆಯ ಮಾತು ಹೇಳಬೇಕಿತ್ತು. ಬಾಯಿಗೆ ಬಂದದ್ದು ಇಷ್ಟು: "ಸಂಜೆ ತಗೊಂಡು ಹೋಗ್ತೀನಿ. ನೀರು ಜಾಸ್ತಿ ಹಾಕ್ಬೇಡಿ."

"ನನಗೆ ಗೊತ್ತು," ಅಂತ ಮೂಗು ಒರೆಸಿಕೊಂಡಳು.

ಹಾಗಂತ ಕಿತ್ತದ್ದನ್ನು ಮಾಫಿ ಮಾಡಿದ್ದೇನೆ ಅಂತಲ್ಲ. ಕೀಳುವ ಮೊದಲು ನನ್ನ ಹತ್ತಿರ ಇಷ್ಟನ್ನು ಹೇಳಬಹುದಿತ್ತು. ಮೊಳೆ ಹೊಡೆದದ್ದು ಬಾಗಿಲಿಗೆ, ಬಾಯಿಗಲ್ಲ.

ಏಪ್ರಿಲ್ 14

ಬೆಳಗ್ಗೆ ಕುಂಡ ಮುಂದಕ್ಕೆ, ಸಂಜೆ ಕುಂಡ ಹಿಂದಕ್ಕೆ. ಗಿಡ ದಪ್ಪವಾಗಿದೆ, ಎಲೆ ಕಡು ಹಸಿರು. ಮೊದಲ ಮುಳ್ಳುಗಳು ಮೂಡಿವೆ, ಮೃದುವಾಗಿವೆ, ಇನ್ನೂ ಚುಚ್ಚಲು ಕಲಿತಿಲ್ಲ.

ಎಲೆಯ ಅಡಿ ಹಸಿರು ಹೇನು ಹತ್ತಿತ್ತು. ಮುಂದಿನ ಮನೆಯವಳು, ಅಂದರೆ ಅಕ್ಕ, ಸೋಪಿನ ನೀರು ಒರೆಸಬೇಕು ಅಂದಳು, ನಾನು ಬರೀ ನೀರು ಸಾಕು ಅಂದೆ. ಅರ್ಧ ಗಿಡಕ್ಕೆ ಅವಳದು, ಅರ್ಧಕ್ಕೆ ನನ್ನದು ಅಂತ ರಾಜಿಯಾಯಿತು. ಅವಳ ಅರ್ಧದಲ್ಲಿ ಹೇನು ಹೋಗಿದೆ. ನನ್ನದರಲ್ಲೂ ಹೋಗುತ್ತದೆ, ಸ್ವಲ್ಪ ನಿಧಾನ.

ಮೇ 2

ಕುಂಡ ಹೊತ್ತು ಗೇಟಿನ ದಾರಿ ಸುತ್ತಿ ಬರುವುದು ಸೊಂಟಕ್ಕೆ ಕಷ್ಟ. ನಡುವಿನ ಬಾಗಿಲಿನ ಮೊಳೆ ಕೀಳಿಸಿದೆವು. ಗಿಡಕ್ಕೋಸ್ಕರ. ಕಿತ್ತವರು ಅದೇ ಇಬ್ಬರು, ಅದೇ ಸುತ್ತಿಗೆ, ಮತ್ತೆ ಚಹಾ.

ಮೇ 19

ಮೊಗ್ಗು!

ಕಡಲೆಕಾಳಿನಷ್ಟು. ಅಕ್ಕ ಮೊದಲು ನೋಡಿದ್ದು ತಾನು ಅನ್ನುತ್ತಾಳೆ, ಸುಳ್ಳು. ನಾನು ನಿನ್ನೆಯೇ ನೋಡಿದ್ದೆ, ಕಣ್ಣು ತಾಗೀತು ಅಂತ ಹೇಳಿರಲಿಲ್ಲ ಅಷ್ಟೇ. ತುದಿಯಲ್ಲಿ ಕೆಂಪು ಕಾಣುತ್ತಿದೆ. ನಾನು ಹೇಳಿರಲಿಲ್ಲವಾ? ಅದೇ ಕೆಂಪು. ನಾಳೆ ನರ್ಸರಿಯವನಿಗೆ ಹೇಳಿಕಳಿಸಬೇಕು.

ಮೇ 26

ಅರಳಿತು. ಕೆಂಪು ಅಲ್ಲ.

ಮೊಗ್ಗಿನ ತುದಿಯ ಕೆಂಪು ಅರಳುತ್ತಾ ಹೋದ ಹಾಗೆ ತೆಳುವಾಗಿ, ಕೊನೆಗೆ ಉಳಿದದ್ದು ಒಗೆದು ಒಗೆದು ಮಾಸಿದ ಗುಲಾಬಿ ಬಣ್ಣದ ಐದೇ ಐದು ಎಸಳು. ಅತ್ತೆಯದು ಎಸಳ ಮೇಲೆ ಎಸಳು, ಹಿಡಿ ತುಂಬುವ ಹೂವು. ಇದು ನನ್ನ ಹೆಬ್ಬೆರಳ ಉಗುರಿನಷ್ಟು. ಬಗ್ಗಿ ಮೂಸಿದೆ, ವಾಸನೆ ಇಲ್ಲ. ಮತ್ತೆ ಮೂಸಿದೆ. ಇಲ್ಲ.

ಅಷ್ಟು ತಿಂಗಳು ತಡೆದುಕೊಂಡದ್ದೆಲ್ಲ ಒಟ್ಟಿಗೆ ಬಂತು. ಮಷೀನಿನ ಮುಂದೆ ಕೂತು ಚೆನ್ನಾಗಿ ಅತ್ತುಬಿಟ್ಟೆ. ನೂಲಿನಂತೆ ಸೀರೆ ಅಂದವಳು ನಾನು. ಇನ್ನು ಆ ಕೆಂಪು ಎಲ್ಲೂ ಇಲ್ಲ. ಗಿಡ ಹೋಯಿತು, ಬೀಜ ಬೇರೆಯದೇ ಏನೋ ಕೊಟ್ಟಿತು. ಅತ್ತೆ ನಿಜವಾಗಿ ಹೋದದ್ದು ಇವತ್ತು ಅನ್ನಿಸಿತು.

ಇವರು ಬಂದು ನೋಡಿ, "ಅಮ್ಮನ ಹೂವಲ್ಲ ಬಿಡು. ಒಂದು ಒಳ್ಳೆ ಕೆಂಪು ಗಿಡ ತಂದು ಕೊಡ್ತೀನಿ," ಅಂದರು. ಆಮೇಲೆ ಅಕ್ಕ ಬಂದಳು. ಕನ್ನಡಕ ಹಾಕಿಕೊಂಡು ಬಗ್ಗಿದಳು, ಮೂಸಿದಳು.

"ವಾಸನೇನೇ ಇಲ್ವಲ್ಲೇ."

"ಇಲ್ಲದಿದ್ರೆ ಇಲ್ಲ!" ಅಂದೆ. ಎಲ್ಲಿಂದ ಬಂತೋ ಆ ಕೋಪ. "ವಾಸನೆ ಇಲ್ದಿದ್ರೆ ಹೂವಲ್ವಾ? ಎಸೆದ ಕಾಯಿಂದ ಬಂದಿದೆ, ಬೂಷ್ಟು ಹಿಡಿದ್ರೂ ಬಂದಿದೆ, ಕತ್ತಲಲ್ಲಿ ಇಟ್ರೂ ಬಂದಿದೆ. ಇದಕ್ಕಿಂತ ಇನ್ನೇನು ಮಾಡ್ಬೇಕು ಅದು? ಅತ್ತೆ ಥರಾನೇ ಇರಬೇಕು ಅಂತ ಯಾರು ಹೇಳಿದ್ದು?"

ಅಕ್ಕ ನನ್ನನ್ನೇ ನೋಡಿದಳು. ಹೇಳಿದ್ದು ಯಾರು ಅಂತ ಅವಳಿಗೂ ಗೊತ್ತು. ಪುಣ್ಯಕ್ಕೆ ಅನ್ನಲಿಲ್ಲ. "ಹೆತ್ತವರಿಗೆ ಹೆಗ್ಗಣ ಮುದ್ದು," ಅಂದಳು.

"ಹೆಗ್ಗಣ ಸಾಕಿದ್ದು ನೀವೂನೂ, ಎರಡು ತಿಂಗಳು ಫ್ರಿಜ್ಜಲ್ಲಿ."

ಅವಳು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಬೇರೆ ಕಡೆ ನೋಡಿದೆ. ಮೂಗಿನ ಕೆಳಗೆ ಹಿಡಿಯಬೇಕು ಅಂದುಕೊಂಡಿದ್ದೆ, ಅವಳೇ ಬಗ್ಗಿ ಮೂಸಿದಳಲ್ಲ, ಲೆಕ್ಕ ಸರಿಹೋಯಿತು.

ಜೂನ್ 3

ಹೂವು ಬಾಡಿತು. ಅಭ್ಯಾಸಬಲದಿಂದ ಕೈ ಕತ್ತರಿಗೆ ಹೋಯಿತು. ವಾಪಸ್ ಇಟ್ಟೆ. ಕಾಯಿ ಕಟ್ಟುವುದಾದರೆ ಕಟ್ಟಲಿ. ಮುಂದಿನದು ಇನ್ನೇನು ಬಣ್ಣವೋ ನೋಡಿಯೇಬಿಡೋಣ.

ಜೂನ್ 11

ಗಿಡಕ್ಕೆ ಕುಂಡ ಸಾಲುತ್ತಿಲ್ಲ, ಬೇರು ಅಡಿಯ ತೂತಿನಿಂದ ಹೊರಗೆ ಇಣುಕುತ್ತಿದೆ. ಹಿತ್ತಲಲ್ಲಿ ಬಿಸಿಲಿಲ್ಲ. ಅಕ್ಕನೇ ಅಂದಳು, "ಅಂಗಳದಲ್ಲಿ ಒಂದು ಕಡೆ ಸಿಮೆಂಟ್ ಒಡೆಸೋಣ." ಹೊಸ ಸಿಮೆಂಟು ಅಂತ ಭಾವ ಬಾಯಿ ತೆಗೆಯುವಷ್ಟರಲ್ಲಿ "ನೀವು ಸುಮ್ನಿರಿ" ಅಂತ ಇಬ್ಬರೂ ಒಟ್ಟಿಗೆ ಅಂದೆವು.

ಎಲ್ಲಿ ಅನ್ನುವುದೇ ಪ್ರಶ್ನೆ. ಹಳೆಯ ಜಾಗದ ಹತ್ತಿರ ಹೋಗಿ ನಿಂತೆವು. ಅವಳ ಮುಖ ಸಪ್ಪಗಾಯಿತು. ನಾನು ಒಳಗೆ ಹೋಗಿ ಅಳತೆ ಟೇಪು, ಬಟ್ಟೆ ಗುರುತು ಮಾಡುವ ಸೀಮೆಸುಣ್ಣ ತಂದೆ.

"ಸ್ಟ್ರೆಚರ್ ಎಷ್ಟು ಅಗಲ ಇತ್ತು ಅಕ್ಕ?"

ಅವಳು ಎರಡು ಕೈ ಅಗಲಿಸಿ, ಹಿಡಿಯುವವರು ನಿಂತದ್ದು ಇಲ್ಲಿ, ಇಲ್ಲಿ ಅಂತ ತೋರಿಸಿದಳು. ಕೈಯಿಂದ ಕೈಗೆ ಟೇಪು ಹಿಡಿದು ಅಳೆದೆ. ಹೊಲಿಗೆಗೆ ಅಂಚು ಬಿಡುವ ಹಾಗೆ ಎರಡೂ ಕಡೆ ಹೆಚ್ಚಿಗೆ ಬಿಟ್ಟು, ಗೋಡೆ ಪಕ್ಕ ಸಿಮೆಂಟಿನ ಮೇಲೆ ಗೆರೆ ಎಳೆದೆ.

"ಇಷ್ಟೊಂದು ಯಾಕೆ ಬಿಡ್ತೀಯ?"

"ನೀವು ದಪ್ಪ ಆಗ್ತಿದೀರಲ್ಲ. ನಿಮ್ಮನ್ನ ಎತ್ತಿಕೊಂಡು ಹೋಗೋವಾಗ ಜಾಗ ಬೇಡ್ವಾ?"

"ನಾನ್ಯಾಕೆ ಮೊದಲು ಹೋಗಲಿ? ನೀನೇ ಹೋಗು."

"ಯಾರು ಹೋದ್ರೂ ಮುಳ್ಳು ತಾಗಬಾರದು ಅಕ್ಕ. ಯಾರೂ ಬಿಡಿಸ್ತಾ ಕೂರಬಾರದು."

ಅವಳು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. ನನ್ನ ಗೆರೆಯನ್ನು ಕಾಲಿನಿಂದ ಒರೆಸಿ, ಇನ್ನೊಂದು ಗೆರೆಯನ್ನು ದಾರಿಯ ಕಡೆಗೆ ಒಂದು ಗೇಣು ಮುಂದೆ ಎಳೆದಳು. "ಗೋಡೆಗೆ ಅಂಟಿಸಿದ್ರೆ ಬಿಸಿಲು ಸಾಲಲ್ಲ ಕಣೇ."

ಮತ್ತೆ ಟೇಪು ಹಿಡಿದು ನೋಡಿದೆ. ಗಿಡಕ್ಕೆ ಬಿಸಿಲು ಸಿಗುತ್ತದೆ. ಸ್ಟ್ರೆಚರೂ ಹೋಗುತ್ತದೆ.

ಉಳಿ, ಸುತ್ತಿಗೆ ಹಿಡಿದು ಅಣ್ಣ ತಮ್ಮ ಕಾಯುತ್ತಿದ್ದರು. ಅಲ್ಲೇ ಒಡೆಯಿರಿ ಅಂದೆವು.